ಓದಿ ನಕ್ಕ ಪುಸ್ತಕ, ಓದಿ ಹೆದರಿದ ಪುಸ್ತಕ: ಅನಿಸಿಕೆ ಬರೆಯೋದು ಹೇಗೆ?

‘ಈ ಪುಸ್ತಕ ತುಂಬಾ ಚೆನ್ನಾಗಿದೆ. ಇದರಿಂದ ಒಳ್ಳೆಯ ನೀತಿ ತಿಳಿಯುತ್ತದೆ. ಎಲ್ಲರೂ ಓದಬೇಕು.’

ಓದಿದ ಪುಸ್ತಕದ ಬಗ್ಗೆ ಅನಿಸಿಕೆ ಬರೆದುಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದರೆ ಬಹಳ ನೋಟ್‌ಬುಕ್ಕುಗಳಲ್ಲಿ ಸಿಗುವುದು ಈ ಮೂರು ವಾಕ್ಯ. ಇದನ್ನು ಬರೆದ ಮಕ್ಕಳೇ ಸ್ಕೂಲ್ ವ್ಯಾನಿನಲ್ಲಿ ಆ ಪುಸ್ತಕದ ಬಗ್ಗೆ ಮಾತಾಡುವುದನ್ನು ಕೇಳಬೇಕು. ‘ಲೇ, ಅವನು ಪೀಪಾಯಿ ಒಳಗೆ ಕೂತಿರ್ತಾನೆ, ಹೊರಗಡೆ ಆ ಒಂಟಿಕಾಲಿನ ಕಡಲ್ಗಳ್ಳ ಬಂದು...’ ಎಂದು ಶುರುವಾದರೆ ಮನೆ ಬರುವ ತನಕ ಮುಗಿಯುವುದಿಲ್ಲ. ಅಷ್ಟು ಚೆಂದದ ಮಾತು ಹಾಳೆಗೆ ಬರುವ ಹೊತ್ತಿಗೆ ಎಲ್ಲಿ ಹೋಗುತ್ತದೆ?

ಅದನ್ನು ಹಾಳೆಗೆ ತರುವ ದಾರಿಯನ್ನು ಇಲ್ಲಿ ಹೇಳುತ್ತೇನೆ. ನಾಲ್ಕನೇ ಕ್ಲಾಸಿನಿಂದ ಹೈಸ್ಕೂಲಿನವರೆಗಿನ ಓದುಗರಿಗಾಗಿ ಇದು. ನಾನು ಈಗ ಪಿಯುಸಿ ಓದುತ್ತಿದ್ದೇನೆ. ಮನೆಯಲ್ಲಿ ಆರನೇ ಕ್ಲಾಸಿನ ತಮ್ಮನಿದ್ದಾನೆ. ‘ಅಕ್ಕ, ಅರ್ಧ ಪೇಜ್ ತುಂಬಿಸಿಕೊಡು’ ಎಂದು ಅವನು ಬಂದಾಗಲೆಲ್ಲ ಹೇಳಿಕೊಟ್ಟದ್ದು ಇದೇ. ಸಾಹಸದ ಪುಸ್ತಕ ಮತ್ತು ನಗೆಯ ಪುಸ್ತಕ, ಈ ಎರಡನ್ನೇ ಹಿಡಿದುಕೊಂಡಿದ್ದೇನೆ. ಕಾರಣ ಸುಲಭ. ನಗು ಬಂತೋ ಇಲ್ಲವೋ, ಎದೆ ಡವಡವ ಅಂತೋ ಇಲ್ಲವೋ, ಇದನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ. ನಾಟಕ ಮಾಡುವ ಹಾಗೂ ಇಲ್ಲ.

ಮೊದಲು, ನಿಜವಾಗಿ ಇಷ್ಟವಾದ ಪುಸ್ತಕ

ಟೀಚರಿಗೆ ಯಾವುದು ಇಷ್ಟವಾಗಬಹುದು ಎಂದು ಲೆಕ್ಕ ಹಾಕಿ ಪುಸ್ತಕ ಆರಿಸಬೇಡಿ. ದಪ್ಪ ಪುಸ್ತಕಕ್ಕೆ ಜಾಸ್ತಿ ಮಾರ್ಕ್ಸ್ ಎನ್ನುವ ನಿಯಮ ಎಲ್ಲೂ ಇಲ್ಲ. ಊಟಕ್ಕೆ ಕರೆದಾಗ ‘ಬಂದೆ, ಒಂದ್ನಿಮಿಷ’ ಎಂದು ಸುಳ್ಳು ಹೇಳಿಸಿದ ಪುಸ್ತಕ ಯಾವುದು? ಎರಡನೇ ಸಲ ಓದಿದ್ದು ಯಾವುದು? ಯಾರನ್ನಾದರೂ ಹಿಡಿದು ನಿಲ್ಲಿಸಿ ಅದರ ಕತೆ ಹೇಳಿದಿರಾ? ಹಾಗಿದ್ದರೆ ಅದೇ ನಿಮ್ಮ ಪುಸ್ತಕ. ಕಾಮಿಕ್ಸ್ ಆದರೂ ಸರಿ. ಬಾಲಮಂಗಳದ ಡಿಂಗನ ಬಗ್ಗೆ ಬರೆಯಲು ನಾಚಿಕೆ ಯಾಕೆ?

ಪುಸ್ತಕವೇ ಸಿಗುತ್ತಿಲ್ಲ ಎನ್ನುವವರಿಗೆ ಒಂದೆರಡು ದಾರಿ ಹೇಳುತ್ತೇನೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಕೇಳಿ. ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯವಿದೆ. ಮೊಬೈಲಿನಲ್ಲಿ ಓದಬಹುದು ಎಂದಾದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕತೆಗಳು ಪುಕ್ಕಟೆಯಾಗಿ ಸಿಗುತ್ತವೆ. ಇನ್ನೊಂದು ಉಪಾಯ: ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದ ಪಟ್ಟಿ ನೋಡಿ. 2010ರಿಂದ ಪ್ರತಿ ವರ್ಷ ಒಂದೊಂದು ಭಾಷೆಯಲ್ಲೂ ಮಕ್ಕಳ ಸಾಹಿತ್ಯಕ್ಕೆ ಈ ಬಹುಮಾನ ಕೊಡುತ್ತಾರೆ. ಕನ್ನಡದಲ್ಲಿ 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ಗೆ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಪುಸ್ತಕಕ್ಕೆ ಬಂತು. ಹೆಸರು ಕೇಳಿದರೇ ಒಳಗೆ ಇಣುಕಿ ನೋಡಬೇಕು ಅನಿಸುತ್ತದೆ, ಅಲ್ವಾ?

ಓದುವಾಗ ಚೀಟಿ ಇಡಿ

ಪುಸ್ತಕದ ಪಕ್ಕದಲ್ಲಿ ಹಳೆಯ ಬಸ್ ಟಿಕೆಟ್, ಹರಿದ ಹಾಳೆಯ ಚೂರು, ಏನಾದರೂ ಇಟ್ಟುಕೊಳ್ಳಿ. ನಗು ಬಂದ ಪುಟಕ್ಕೆ ಒಂದು ಚೂರು. ಉಸಿರು ಹಿಡಿದುಕೊಂಡು ಓದಿದ ಪುಟಕ್ಕೆ ಇನ್ನೊಂದು. ಲೈಬ್ರರಿ ಪುಸ್ತಕವಾದರೆ ಪೆನ್ನು ಮುಟ್ಟಿಸಬೇಡಿ. ಓದು ನಿಲ್ಲಿಸಿ ಟಿಪ್ಪಣಿ ಬರೆಯಲು ಕೂರುವುದೂ ಬೇಡ. ಹಾಗೆ ಮಾಡಿದರೆ ಕತೆಯ ಓಟವೇ ನಿಂತುಹೋಗುತ್ತದೆ.

ಪುಸ್ತಕ ಮುಗಿದ ದಿನವೇ ಬರೆಯಬೇಡಿ. ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆ ಎದ್ದು, ಪುಸ್ತಕ ತೆರೆಯದೆ, ಏನು ನೆನಪಿದೆ ನೋಡಿ. ಚೀಟಿ ಇಟ್ಟದ್ದು ಹತ್ತು ಕಡೆ ಇರಬಹುದು, ನೆನಪಿನಲ್ಲಿ ಉಳಿದದ್ದು ಒಂದೋ ಎರಡೋ ಇರುತ್ತದೆ. ಅದರಲ್ಲಿ ಒಂದನ್ನು ಹಿಡಿದುಕೊಳ್ಳಿ.

ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಇಡೀ ಪುಸ್ತಕದ ಬಗ್ಗೆ ಬರೆಯಲು ಹೋಗಬೇಡಿ. ಒಂದು ಜಾಗದ ಬಗ್ಗೆ ಬರೆಯಿರಿ. ಆ ಜಾಗ ಸರಿಯಾಗಿ ಬಂದರೆ ಪುಸ್ತಕ ತಾನಾಗಿ ಬರುತ್ತದೆ.

ನಗು ಬಂದ ಜಾಗವನ್ನು ಬಿಚ್ಚಿ ನೋಡುವುದು

ಆರ್. ಕೆ. ನಾರಾಯಣ್ ಮೈಸೂರಿನಲ್ಲಿ ಬಾಳಿದವರು. ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಬಂತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ಸ್ವಾಮಿ ನಮ್ಮ ಅಪ್ಪ ಅಮ್ಮಂದಿರಿಗೂ ಗೊತ್ತು. ಆ ಪುಸ್ತಕದ ಒಂದು ಜಾಗ ತೆಗೆದುಕೊಳ್ಳೋಣ.

ರಜೆ. ಅಪ್ಪ ಸ್ವಾಮಿಯನ್ನು ಕೂರಿಸಿಕೊಂಡು ಲೆಕ್ಕ ಕೊಡುತ್ತಾರೆ. ರಾಮನ ಹತ್ತಿರ ಹತ್ತು ಮಾವಿನಹಣ್ಣಿದೆ, ಅದರಿಂದ ಅವನಿಗೆ ಹದಿನೈದು ಆಣೆ ಸಂಪಾದಿಸಬೇಕು. ಕೃಷ್ಣನಿಗೆ ನಾಲ್ಕೇ ಹಣ್ಣು ಬೇಕು. ಹಾಗಾದರೆ ಕೃಷ್ಣ ಎಷ್ಟು ಕೊಡಬೇಕು? ಸ್ವಾಮಿ ಯೋಚಿಸುತ್ತಾನೆ, ಯೋಚಿಸುತ್ತಲೇ ಇರುತ್ತಾನೆ. ಕೊನೆಗೆ ಅಪ್ಪನನ್ನೇ ಕೇಳುತ್ತಾನೆ: ಅಪ್ಪಾ, ಆ ಹಣ್ಣು ಮಾಗಿದೆಯೋ ಇಲ್ಲವೋ? ಅಪ್ಪ ಬರುವ ನಗುವನ್ನು ನುಂಗಿಕೊಂಡು, ಮೊದಲು ಲೆಕ್ಕ ಮಾಡು, ಹಣ್ಣಿನ ವಿಷಯ ಆಮೇಲೆ ಹೇಳುತ್ತೇನೆ ಎನ್ನುತ್ತಾರೆ.

ಇಲ್ಲಿ ನಗು ಯಾಕೆ ಬಂತು? ‘ಸ್ವಾಮಿ ದಡ್ಡ, ಅದಕ್ಕೆ’ ಎಂದು ಬರೆದರೆ ಅದು ತಪ್ಪು ಉತ್ತರ. ಯಾಕೆಂದರೆ ಸ್ವಾಮಿ ಕೇಳಿದ್ದು ಸರಿಯಾಗಿಯೇ ಇದೆ. ಸಂತೆಯಲ್ಲಿ ಮಾವು ಕೊಳ್ಳುವ ಯಾವ ಅಜ್ಜಿಯಾದರೂ ಮೊದಲು ಹಣ್ಣು ಒತ್ತಿ ನೋಡುತ್ತಾಳೆ, ಆಮೇಲೆ ರೇಟು. ಹಣ್ಣು ಕಾಯಿಯಾಗಿದ್ದರೆ ಹದಿನೈದು ಆಣೆ ಯಾರು ಕೊಡುತ್ತಾರೆ? ಅಪ್ಪನಿಗೆ ಅದು ಬರೀ ಸಂಖ್ಯೆ, ಸ್ವಾಮಿಗೆ ನಿಜವಾದ ಹಣ್ಣು. ಇಬ್ಬರೂ ಒಂದೇ ಲೆಕ್ಕ ನೋಡುತ್ತಿದ್ದಾರೆ, ಆದರೆ ಇಬ್ಬರಿಗೂ ಕಾಣುತ್ತಿರುವುದು ಬೇರೆ ಬೇರೆ. ನಗು ಇರುವುದು ಅಲ್ಲಿ.

(ಉತ್ತರ ಆರು ಆಣೆ. ನಿಮ್ಮಲ್ಲಿ ಕೆಲವರು ಆಗಲೇ ಮಾಡಿ ನೋಡಿರುತ್ತೀರಿ, ಗೊತ್ತು.)

ನಗುವ ಜಾಗ ಯಾವುದೇ ಇರಲಿ, ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇಲ್ಲಿ ಯಾರಿಗೆ ಏನು ಗೊತ್ತಿಲ್ಲ? ಯಾರು ನಗದೆ ಗಂಭೀರವಾಗಿದ್ದಾರೆ? ಲೇಖಕರು ಈ ತಮಾಷೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದರೋ, ಎಳೆದು ಎಳೆದು ಹೇಳಿದರೋ?

ಇನ್ನೊಂದು ಪುಸ್ತಕಕ್ಕೆ ಇದನ್ನೇ ಹಾಕಿ ನೋಡೋಣ. ಮಾರ್ಕ್ ಟ್ವೇನ್ 1876ರಲ್ಲಿ ಬರೆದ ಟಾಮ್ ಸಾಯರನ ಕತೆ. ಶನಿವಾರ ಎಲ್ಲರೂ ಆಟಕ್ಕೆ ಹೊರಟಿರುವಾಗ ಟಾಮ್‌ಗೆ ಬೇಲಿಗೆ ಸುಣ್ಣ ಬಳಿಯುವ ಶಿಕ್ಷೆ. ಗೆಳೆಯ ಬೆನ್ ಸೇಬು ತಿನ್ನುತ್ತಾ, ತಾನೇ ಹಬೆ ಹಡಗು ಎಂದುಕೊಂಡು ಸದ್ದು ಮಾಡುತ್ತಾ ಬರುತ್ತಾನೆ. ಟಾಮ್ ಅವನ ಕಡೆ ತಿರುಗಿಯೂ ನೋಡುವುದಿಲ್ಲ. ದೊಡ್ಡ ಚಿತ್ರಕಾರನ ಹಾಗೆ ಬೇಲಿಯನ್ನೇ ದಿಟ್ಟಿಸುತ್ತಾನೆ. ಇಂಥ ಕೆಲಸ ದಿನಾ ಸಿಗುತ್ತದಾ ಎನ್ನುತ್ತಾನೆ. ಬೆನ್‌ಗೆ ಆಸೆ ಹುಟ್ಟುತ್ತದೆ. ಕೊನೆಗೆ ಸೇಬು ಕೊಟ್ಟು ಸುಣ್ಣದ ಬ್ರಷ್ ಇಸಿದುಕೊಳ್ಳುತ್ತಾನೆ! ಸಂಜೆಯೊಳಗೆ ಊರಿನ ಹುಡುಗರೆಲ್ಲ ಹೀಗೇ ಕೊಟ್ಟದ್ದು ಸೇರಿ ಟಾಮ್ ಸಾಹುಕಾರ. ಅವನ ಆಸ್ತಿಯಲ್ಲಿ ಒಂದು ಗಾಳಿಪಟ, ಹನ್ನೆರಡು ಗೋಲಿ, ಒಂದು ಕಣ್ಣಿನ ಬೆಕ್ಕಿನ ಮರಿ, ನಾಯಿಯಿಲ್ಲದ ನಾಯಿಪಟ್ಟಿ, ಮತ್ತೆ ದಾರ ಕಟ್ಟಿ ಗಿರಗಿರ ತಿರುಗಿಸಲು ಒಂದು ಸತ್ತ ಇಲಿ.

ಸ್ವಾಮಿಯ ಜಾಗದಲ್ಲಿ ಯಾರಿಗೂ ಮೋಸ ಮಾಡುವ ಯೋಚನೆ ಇಲ್ಲ. ಇಲ್ಲಿ ಮೋಸ ನಮಗೆ ಗೊತ್ತು, ಬೆನ್‌ಗೆ ಗೊತ್ತಿಲ್ಲ. ನಾವು ಟಾಮ್‌ನ ಪಕ್ಷ. ನಾರಾಯಣ್ ಒಂದು ಚಿಕ್ಕ ಪ್ರಶ್ನೆಯಲ್ಲಿ ನಗಿಸುತ್ತಾರೆ, ಟ್ವೇನ್ ಪಟ್ಟಿ ಬೆಳೆಸುತ್ತಾ ನಗಿಸುತ್ತಾರೆ. ನೋಡಿ, ಒಂದು ಪ್ಯಾರಾಗೆ ಆಗುವಷ್ಟು ಮಾತು ಸಿಕ್ಕೇಬಿಟ್ಟಿತು. ನನ್ನ ತಮ್ಮ ಬರೆದದ್ದು ಹೀಗಿದೆ: ‘ಸತ್ತ ಇಲಿ ಯಾರಿಗೆ ಬೇಕು ಎಂದು ಮೊದಲು ಅನಿಸಿತು. ಆಮೇಲೆ ದಾರ ಕಟ್ಟಿದ್ದಾರೆ ಎಂದು ಓದಿದೆ. ಆಗ ನನಗೂ ಬೇಕು ಅನಿಸಿತು.’ ಇಡೀ ತರಗತಿಯಲ್ಲಿ ಇಂಥ ಸಾಲು ಇನ್ನೊಬ್ಬರು ಬರೆದಿರುವುದಿಲ್ಲ. ಯಾಕೆಂದರೆ ಇದು ಅವನಿಗೆ ಮಾತ್ರ ಅನಿಸಿದ್ದು.

ಹೆದರಿಕೆ ಆದ ಜಾಗ

ಸಾಹಸ ಎಂದರೆ ಹೊಡೆದಾಟ ಎಂದುಕೊಂಡು ಕೆಲವರು ಕತ್ತಿ ಕಾಳಗದ ಪುಟವನ್ನೇ ಆರಿಸುತ್ತಾರೆ. ನನ್ನ ಅನುಭವದಲ್ಲಿ ಜಾಸ್ತಿ ಹೆದರಿಸುವ ಪುಟದಲ್ಲಿ ಯಾರೂ ಯಾರಿಗೂ ಹೊಡೆಯುತ್ತಿರುವುದಿಲ್ಲ.

ಸ್ಟೀವನ್‌ಸನ್‌ನ ‘ಟ್ರೆಷರ್ ಐಲೆಂಡ್’ ಪುಸ್ತಕವಾಗಿ ಬಂದದ್ದು 1883ರಲ್ಲಿ. ಅದರ ಬೀಜ ಒಂದು ನಕ್ಷೆ. 1881ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಇದ್ದಾಗ, ಹೆಂಡತಿಯ ಮಗ ಲಾಯ್ಡ್‌ನ ಜೊತೆ ಕೂತು ಬಣ್ಣ ಹಚ್ಚಿದ ದ್ವೀಪದ ನಕ್ಷೆಯಿಂದ ಕತೆ ಹುಟ್ಟಿತು. ಹಾಗಾಗಿ ನಿಮಗೂ ನಕ್ಷೆ ಬಿಡಿಸುವ ಹುಚ್ಚಿದ್ದರೆ ಅನಿಸಿಕೆಯ ಪಕ್ಕದಲ್ಲಿ ಒಂದು ಬಿಡಿಸಿ.

ಈಗ ಪೀಪಾಯಿಯ ವಿಷಯ. ಜಿಮ್ ಎಂಬ ಹುಡುಗ ಹಡಗಿನಲ್ಲಿ ಸೇಬು ತಿನ್ನೋಣ ಎಂದು ಪೀಪಾಯಿಗೆ ಕೈ ಹಾಕುತ್ತಾನೆ. ಸೇಬು ತಳದಲ್ಲಿದೆ. ಪೂರ್ತಿ ಒಳಗೇ ಇಳಿಯುತ್ತಾನೆ. ಕತ್ತಲು, ನೀರಿನ ಸದ್ದು, ಹಡಗಿನ ತೂಗಾಟ, ನಿದ್ದೆ ಬರುವ ಹಾಗಾಗುತ್ತದೆ. ಅಷ್ಟರಲ್ಲಿ ಯಾರೋ ದಪ್ಪ ಆಳು ಪೀಪಾಯಿಗೆ ಒರಗಿ ಕೂರುತ್ತಾನೆ. ಅದು ಅಡುಗೆಯವನು, ಒಂಟಿಕಾಲಿನ ಸಿಲ್ವರ್. ಜಿಮ್‌ಗೆ ತುಂಬಾ ಇಷ್ಟವಾಗಿದ್ದ ಮನುಷ್ಯ. ಅವನ ಬಾಯಿಂದ ಕೊಲೆಯ ಯೋಜನೆ ಕೇಳಿಸುತ್ತದೆ.

ಇಷ್ಟೇ ಆಗಿದ್ದರೂ ಹೆದರಿಕೆ ಆಗುತ್ತಿತ್ತು. ಸ್ಟೀವನ್‌ಸನ್ ಬಿಡುವುದಿಲ್ಲ. ಗಂಟಲು ಒಣಗಿದೆ, ಪೀಪಾಯಿಯಿಂದ ಒಂದು ಸೇಬು ತೆಗೆದುಕೊಡು ಎಂದು ಸಿಲ್ವರ್ ಪಕ್ಕದವನಿಗೆ ಹೇಳುತ್ತಾನೆ. ಆ ಪಕ್ಕದವನು ಏಳುವ ಸದ್ದೂ ಕೇಳುತ್ತದೆ. ಜಿಮ್ ಉಳಿದುಕೊಂಡದ್ದು ಧೈರ್ಯದಿಂದ ಏನಲ್ಲ. ಇನ್ನೊಬ್ಬ ಕಳ್ಳ, ಸೇಬು ಯಾಕೆ, ರಮ್ ತರಿಸೋಣ ಎನ್ನುತ್ತಾನೆ, ಅಷ್ಟೇ.

ಸಾಹಸದ ಜಾಗಕ್ಕೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ಕ್ಷಣದಲ್ಲಿ ಹುಡುಗನ ಕೈಯಲ್ಲಿ ಏನಿದೆ? ಓಡಲು ದಾರಿ ಇದೆಯಾ? ಯಾವ ಸಣ್ಣ ವಿಷಯ ಅವನನ್ನು ಸಿಕ್ಕಿಸಿತು, ಯಾವುದು ಬಿಡಿಸಿತು? ಇಲ್ಲಿ ಸಿಕ್ಕಿಸಿದ್ದು ಸೇಬಿನ ಆಸೆ, ಬಿಡಿಸಿದ್ದು ರಮ್ಮಿನ ಆಸೆ. ಟಾಮ್‌ನ ಕತೆಯಲ್ಲೂ ಸೇಬು, ಜಿಮ್‌ನ ಕತೆಯಲ್ಲೂ ಸೇಬು. ಸುಮ್ನೆ ಹೇಳಿದೆ.

ನಮ್ಮಲ್ಲಿನ ಒಳ್ಳೆಯ ಸಾಹಸದ ಕತೆಗಳಲ್ಲಿ ಸಮುದ್ರಕ್ಕಿಂತ ಕಾಡು ಜಾಸ್ತಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರದು. ಮಕ್ಕಳ ಪುಸ್ತಕ ಎಂದು ಬರೆದದ್ದೇನಲ್ಲ, ಆದರೆ ಏಳೆಂಟನೇ ಕ್ಲಾಸಿನವರು ಆರಾಮಾಗಿ ಓದಬಹುದು. ಅದರಲ್ಲಿ ಖಳನಾಯಕನೇ ಇಲ್ಲ. ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ತಂಡವಿದೆ. ವಿಜ್ಞಾನಿ ಕರ್ವಾಲೊ, ಊರವರ ಕಣ್ಣಿಗೆ ಉಂಡಾಡಿಯಾದ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇವರೆಲ್ಲ ಸೇರಿದರೆ ಗಂಭೀರವಾಗಿ ಇರುವುದಾದರೂ ಹೇಗೆ? ಮುಂದೇನಾಗುತ್ತದೋ ಎಂಬ ಕಾತರದ ನಡುವೆಯೇ ನಗು ಬರುತ್ತದೆ. ನನಗೆ ನಿಧಿ ಹುಡುಕುವ ಕತೆಗಳಿಗಿಂತ ಇದೇ ಮೇಲು ಅನಿಸುತ್ತದೆ. ನಿಧಿ ಸಿಕ್ಕಿದ ಮೇಲೆ ಎಣಿಸುವುದು ಬಿಟ್ಟರೆ ಇನ್ನೇನು ಕೆಲಸ?

ನಗುವೂ ಹೆದರಿಕೆಯೂ ಒಂದೇ ಕಡೆ ಬೇಕಾದರೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ತೆಗೆಯಿರಿ. ಇಂಗ್ಲಿಷಿನಲ್ಲಿ ಬ್ರೌನಿಂಗ್ ಬರೆದ ಪದ್ಯವನ್ನು ಅವರು ತುಂಗಾ ತೀರಕ್ಕೆ ತಂದಿದ್ದಾರೆ. ಜೋಗಿ ಕಿಂದರಿ ನುಡಿಸುತ್ತಾನೆ, ಇಲಿಗಳೆಲ್ಲ ಓಡಿಬರುತ್ತವೆ. ಟೋಪಿಯಲ್ಲಿ ಗೂಡು ಕಟ್ಟಿದ್ದ ಇಲಿಯೂ ಬರುತ್ತದೆ. ನಾವು ನಗುತ್ತೇವೆ. ಊರಿನ ಗೌಡ ಹೇಳಿದ ಹಣ ಕೊಡುವುದಿಲ್ಲ. ಜೋಗಿ ಮತ್ತೆ ಕಿಂದರಿ ನುಡಿಸುತ್ತಾನೆ. ಈ ಸಲ ಮಕ್ಕಳು ಓಡಿಬರುತ್ತಾರೆ. ಅದೇ ಜೋಗಿ, ಅದೇ ಕಿಂದರಿ, ಅದೇ ಓಟ. ಮೊದಲ ಸಲ ನಕ್ಕದ್ದು ಎರಡನೇ ಸಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಎರಡು ಜಾಗಗಳನ್ನು ಪಕ್ಕಪಕ್ಕ ಇಟ್ಟು ಬರೆದರೆ ಸಾಕು, ಒಂದು ಪುಟ ತುಂಬುತ್ತದೆ.

ಕತೆ ಎಷ್ಟು ಹೇಳಬೇಕು?

ನಾಲ್ಕು ಸಾಲು. ಐದಾದರೆ ಜಾಸ್ತಿ. ಯಾರು, ಎಲ್ಲಿ, ಅವರಿಗೆ ಏನು ಬೇಕು, ಏನು ಅಡ್ಡ ಬಂತು. ಅಲ್ಲಿಗೆ ನಿಲ್ಲಿಸಿ. ‘ಆಮೇಲೆ... ಆಮೇಲೆ...’ ಎಂದು ಹೋಗುತ್ತಿದ್ದೀರಿ ಎಂದು ಅನಿಸಿದ ಕೂಡಲೇ ಪೆನ್ನು ಎತ್ತಿ.

ಕೊನೆ ಹೇಳಲೇಬೇಡಿ. ಓತಿ ಸಿಕ್ಕಿತೋ ಇಲ್ಲವೋ ಎಂಬುದನ್ನು ನಾನೂ ಮೇಲೆ ಹೇಳಿಲ್ಲ, ಗಮನಿಸಿದಿರಾ? ಪತ್ತೇದಾರಿ ಕತೆಯಲ್ಲಿ ಕಳ್ಳ ಯಾರೆಂದು ಬರೆದುಬಿಟ್ಟರೆ ಗೆಳೆಯರು ನಿಮ್ಮ ಜೊತೆ ಮಾತು ಬಿಟ್ಟರೂ ತಪ್ಪಿಲ್ಲ.

ಇಷ್ಟವಾಗದ್ದನ್ನೂ ಹೇಳಿ

ಇಲ್ಲಿ ಮಕ್ಕಳು ಹೆದರುತ್ತಾರೆ. ದೊಡ್ಡವರು ಒಳ್ಳೆಯ ಪುಸ್ತಕ ಎಂದು ಕೊಟ್ಟಿದ್ದಾರೆ, ನಾನು ಹೇಗೆ ತಪ್ಪು ಹುಡುಕಲಿ ಎಂದು. ಹುಡುಕಬಹುದು. ಕಾರಣ ಕೊಟ್ಟರೆ ಆಯಿತು. ‘ಬೋರ್’ ಎಂದರೆ ಕಾರಣವಾಗಲಿಲ್ಲ. ‘ಹಡಗು ಹೊರಡುವಷ್ಟರಲ್ಲೇ ಸುಮಾರು ಪುಟ ಆಗಿಹೋಯಿತು’ ಎಂದರೆ ಆಗುತ್ತದೆ.

ನನ್ನ ದೂರು ಹೇಳಲಾ? ‘ಟ್ರೆಷರ್ ಐಲೆಂಡ್’ನಲ್ಲಿ ಜಿಮ್‌ನ ಅಮ್ಮನನ್ನು ಬಿಟ್ಟರೆ ಹೆಣ್ಣುಮಕ್ಕಳಿಗೆ ಕೆಲಸವೇ ಇಲ್ಲ. ಆ ಅಮ್ಮನೂ ಹಡಗು ಹತ್ತುವುದಿಲ್ಲ. ಅದನ್ನು ಓದುವಾಗ ನಾನು ಜಿಮ್ ಆಗಿಯೇ ಓದಿದೆ, ಬೇರೆ ದಾರಿ ಇರಲಿಲ್ಲ.

ಹಳೆಯ ಸಾಹಸದ ಪುಸ್ತಕಗಳಲ್ಲಿ ಇನ್ನೊಂದು ತೊಂದರೆ ಇದೆ. ಬೇರೆ ದೇಶದ, ಬೇರೆ ಬಣ್ಣದ ಜನರನ್ನು ಕ್ರೂರಿಗಳಾಗಿಯೋ ಪೆದ್ದರಾಗಿಯೋ ತೋರಿಸಿಬಿಡುತ್ತಾರೆ. ಟಾಮ್ ಸಾಯರನ ಕತೆಯ ಕೇಡಿ ಮೂಲನಿವಾಸಿ ರಕ್ತದವನು. ಆ ಜನರ ಬಗ್ಗೆ ಅಲ್ಲಿ ಬರುವ ಮಾತುಗಳು ಚೆನ್ನಾಗಿಲ್ಲ. ಟಿನ್‌ಟಿನ್ ಕಾಂಗೋಗೆ ಹೋಗುವ ಕಾಮಿಕ್ಸ್‌ನಲ್ಲಿ ಆಫ್ರಿಕಾದ ಜನರನ್ನು ಬರೆದ ರೀತಿ ನೋಡಿದರೆ ಸಿಟ್ಟು ಬರುತ್ತದೆ. ಬಂದರೆ ಅದನ್ನೂ ಬರೆಯಿರಿ. ಬೇರೆ ಪುಟದಲ್ಲಿ ನಕ್ಕದ್ದೂ ನಿಜ, ಇದೂ ನಿಜ. ಹಾಗೆಯೇ ಬೆಂಗಳೂರಿನ ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದಿದ್ದಾರೆ. ಅದನ್ನು ಓದುವಾಗ ನರಭಕ್ಷಕ ಹುಲಿಯ ಮೇಲೆ ನಿಮಗೆ ಕನಿಕರ ಹುಟ್ಟಿದರೆ, ಯಾವ ಸಾಲಿನಲ್ಲಿ ಹುಟ್ಟಿತು ಎಂದು ಹೇಳಿ.

ಕಾಮಿಕ್ಸ್ ಆದರೆ

ಚಿತ್ರದ ಬಗ್ಗೆ ಮಾತಾಡದೆ ಕಾಮಿಕ್ಸ್ ಬಗ್ಗೆ ಬರೆಯಲಾಗದು. ಟಿನ್‌ಟಿನ್‌ನಲ್ಲಿ ಥಾಮ್ಸನ್ ಮತ್ತು ಥಾಂಪ್ಸನ್ ಎಂಬ ಪತ್ತೇದಾರರಿದ್ದಾರೆ. ನೋಡಲು ಅವಳಿಗಳ ಹಾಗೆ. ಮೀಸೆ ನೇರವಾಗಿದ್ದರೆ ಒಬ್ಬ, ತುದಿ ಸ್ವಲ್ಪ ಹೊರಗೆ ತಿರುಗಿದ್ದರೆ ಇನ್ನೊಬ್ಬ. ಇದನ್ನು ಪಾತ್ರಗಳು ಹೇಳುವುದಿಲ್ಲ, ನಾವೇ ಕಂಡುಹಿಡಿಯಬೇಕು. ನಿಮ್ಮ ಕಾಮಿಕ್ಸ್‌ನಲ್ಲೂ ಮಾತಿಲ್ಲದೆ ನಗಿಸಿದ ಒಂದು ಚೌಕ ಇದ್ದೇ ಇರುತ್ತದೆ. ಅದನ್ನು ಹುಡುಕಿ, ಯಾರು ಎಲ್ಲಿ ನಿಂತಿದ್ದಾರೆ, ಹಿಂದೆ ಏನಾಗುತ್ತಿದೆ ಎಂದು ಬರೆಯಿರಿ.

ಬರೆದಾದ ಮೇಲೆ

ಜೋರಾಗಿ ಓದಿ. ಕೇಳಲು ಒಬ್ಬರು ಇರಲಿ, ತಮ್ಮನೋ ತಂಗಿಯೋ ಅಜ್ಜಿಯೋ. ‘ಅತ್ಯಂತ ಮನೋಜ್ಞವಾಗಿ ಮೂಡಿಬಂದಿದೆ’ ಎಂಬಂಥ ಸಾಲು ಬಂದರೆ ನಿಮ್ಮ ನಾಲಿಗೆಯೇ ತಡವರಿಸುತ್ತದೆ. ಹೊಡೆದುಹಾಕಿ. ‘ಈ ಕತೆಯ ನೀತಿ ಏನೆಂದರೆ’ ಎಂಬುದನ್ನೂ ತೆಗೆಯಿರಿ. ಟಾಮ್ ಸುಣ್ಣ ಬಳಿಸಿದ ಕತೆಗೆ ಏನು ನೀತಿ ಹೇಳುತ್ತೀರಿ, ಗೆಳೆಯರಿಗೆ ಟೋಪಿ ಹಾಕಿ ಎಂದೇ? ಟೀಚರ್ ನೀತಿ ಬರೆಯಲೇಬೇಕು ಎಂದಿದ್ದರೆ ಒಂದು ಸಾಲು ಬರೆದು ಮುಂದೆ ಹೋಗಿ.

‘ಎಲ್ಲರೂ ಓದಬೇಕು’ ಎಂಬ ಜಾಗದಲ್ಲಿ ಯಾರು ಓದಬೇಕು ಎಂದು ಹೇಳಿ. ರಾತ್ರಿ ಒಬ್ಬರೇ ಮಲಗಲು ಹೆದರುವವರಿಗೆ ಬೇಡ. ಲೆಕ್ಕದ ಪೀರಿಯಡ್ಡಿನಲ್ಲಿ ಕಿಟಕಿಯಾಚೆ ನೋಡುವವರಿಗೆ ಸ್ವಾಮಿ ಬೇಕೇ ಬೇಕು. ಹೀಗೆ.

ಕೊನೆಯಲ್ಲಿ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು. ಬೇರೆ ಭಾಷೆಯಿಂದ ಬಂದದ್ದಾದರೆ ಅನುವಾದ ಮಾಡಿದವರ ಹೆಸರು. ಚಿತ್ರ ಬರೆದವರ ಹೆಸರನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಮುಖಪುಟದಲ್ಲಿ ಕಾಣದಿದ್ದರೆ ಒಳಗೆ, ಬೆಲೆ ಮತ್ತು ಮುದ್ರಣದ ವರ್ಷ ಹಾಕಿರುವ ಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಹುಡುಕಿ.